ಕಾವೇರಿಯ ಅಪ್ಪ

ಪಂಖದ ರೆಕ್ಕೆಯೊಂದು ಬಾಗಿದೆ, ಅದರ ನೆರಳು ಗೋಡೆಯ ಮೇಲೆ ಬಂದು ಹೋಗಿ, ಬಂದು ಹೋಗಿ, ಬಾಗೇವಾಡಿಯ ಈ ದವಾಖಾನೆಯಲ್ಲಿ ಕೂತರೂ ಬಾವಿಯ ತಣ್ಣನೆ ಗಾಳಿ ಕಾಲಿಗೆ ಸುಳಿದ ಹಾಗೆ — ಇಂಗಳೇಶ್ವರದ ಆ ಹಾಳು ಬಾವಿಯ ಹೂಳು ತೆಗೆಯುವಾಗ ಎಲುಬು ಸಿಕ್ಕವಂತೆ, ತಲೆಬುರುಡೆ ಹಿಂದುಗಡೆ ಒಡೆದಿದೆಯಂತೆ, ಬಿದ್ದು ಸತ್ತದ್ದಲ್ಲ ಯವ್ವಾ, ಹೊಡದು ಒಗದಾರ, ಅಂದರು ಮೊನ್ನೆ ಮನೆಗೆ ಬಂದ ಪೊಲೀಸ್ ಸಾಹೇಬರು, ಮಾಳಿಂಗಪ್ಪ ಅಂದ್ರ ನಿನ್ನ ಗಂಡ ಏನು, ನಾನು ಬರೀ ತಲೆ ಆಡಿಸಿದೆ, ಆ ಹೆಸರು ನನ್ನ ಬಾಯಿಗೆ ಬರುವುದಿಲ್ಲ, ಕಾವೇರಿಯ ಅಪ್ಪ ಅಂತಲೇ ರೂಢಿ, ಕಾವೇರಿಯ ಅಪ್ಪ ಉಣ್ಣಲು ಬಂದರು, ಕಾವೇರಿಯ ಅಪ್ಪ ತಮ್ಮನ ಜೊತೆ ಇಂಡಿ ಸಂತೆಗೆ ಕುರಿ ಹೊಡೆದುಕೊಂಡು ಹೋದರು, ತಮ್ಮ ಬಂದ, ಅವರು ಬರಲಿಲ್ಲ, ಕಾವೇರಿ ಆಗ ಮೂರನೇ ಇಯತ್ತೆ, ಈಗ ಸಾಲಿಯಲ್ಲಿ ತಾನೇ ಪಾಠ ಹೇಳುತ್ತಾಳೆ, ಅಷ್ಟೂ ವರ್ಷ ಕುಂಕುಮ ಹಚ್ಚಿಕೊಂಡು ಬಾಗಿಲು ನೋಡಿದೆ. ಮಗಳ ರಕ್ತ, ಬಾವಿಯ ಎಲುಬು, ಎರಡೂ ಡಿಎನ್‌ಎ ಪರೀಕ್ಷೆಗೆ ಹೋಗುತ್ತವಂತೆ, ಕೂಡಿದ್ರ ಎಲುಬು ಅವರ್ದ, ಮುಚ್ಚಿದ ಕೇಸು ಮತ್ತ ತಗೀತೀವಿ, ಖೂನಿ ಮಾಡಿದಂವನ್ನ ಬಿಡೂದಿಲ್ಲ, ಕೂಡಲಿಲ್ಲಂದ್ರ ಯಾರೋ ದಿಕ್ಕಿಲ್ಲದಂವ ಅಂತ ಮಣ್ಣ ಮಾಡೂದ. ದಿಕ್ಕಿಲ್ಲದವನಂತೆ, ಕೇಳಿ ಮೈ ಉರಿಯಿತು, ಕತ್ತಲಲ್ಲಿ ಕೆಮ್ಮು ಕೇಳಿಯೇ ಯಾವ ಕುರಿ ಅಂತ ಹೇಳುತ್ತಿದ್ದ ಮನುಷ್ಯ ದಿಕ್ಕಿಲ್ಲದವನೇ, ಮನೆಯಲ್ಲಿ ನಾನಿಲ್ಲವೇ, ಮಗಳಿಲ್ಲವೇ.

ಸೂಜಿ ಒಳಗೆ ಹೋಯಿತು, ಸ್ಟೂಲಿನ ಮೇಲೆ ಕೂತ ಕಾವೇರಿ ಕಣ್ಣು ಮುಚ್ಚಿದಳು, ಮುಚ್ಚಿದ ರೆಪ್ಪೆ ಥೇಟ್ ಸಾತವ್ವನದು, ನನ್ನ ತಂಗಿ ಸಾತವ್ವ, ಸಿಂದಗಿಯಲ್ಲಿ ಹೆತ್ತ ದಿನವೇ ಹೋದವಳು — ಆ ಸಲ ನಾವು ಕುರಿ ಹೊಡೆದುಕೊಂಡು ದೂರ ಹೊಳೆಯ ಕಡೆ ಇಳಿದಿದ್ದೆವು, ನನ್ನ ಕೂಸು ಹಟ್ಟಿಯಲ್ಲೇ ಹುಟ್ಟಿ ಹಟ್ಟಿಯಲ್ಲೇ ಮಣ್ಣಾಗಿತ್ತು, ಹಾಲು ಕಟ್ಟಿ ಜ್ವರ ಬಂದು ಮಲಗಿದ್ದೆ, ಬೆಳಗಿನ ಮಂಜಿನಲ್ಲಿ ಮೈದುನ ಚಂದಪ್ಪ ನಡೆದು ಬಂದ, ಎದೆಗೆ ಕಂಬಳಿಯ ಗಂಟು, ಗಂಟಿನಲ್ಲಿ ಸಿಂದಗಿಯ ಗಂಡನ ಮನೆಯವರು ಬೇಡವೆಂದ ಸಾತವ್ವನ ಕೂಸು, ಉಡಿಯಲ್ಲಿ ಹಾಕಿ, ಇಟ್ಕೋ ವೈನಿ, ನಿಂದ ಅಂತ ತಿಳಿ, ಅಂದ, ಆಗ ಅವನ ಕಣ್ಣಲ್ಲೂ ನೀರಿತ್ತು, ಸುಳ್ಳು ಯಾಕೆ ಹೇಳಲಿ. ಕಾವೇರಿಯ ಅಪ್ಪನಿಗೆ ಚೇಷ್ಟೆ, ತಬ್ಬಲಿ ಮರಿಗೆ ಸತ್ತ ಮರಿಯ ಚರ್ಮ ಹೊಚ್ಚಿ ಬಿಟ್ರ ಕುರಿ ಮೂಸಿ ನೋಡಿ ಹಾಲ ಬಿಡ್ತೈತಿ, ನೀ ಮೂಸಲೂ ಇಲ್ಲಲ್ಲ, ಅಂತ ನಕ್ಕರು, ನಾನು ಅತ್ತುಬಿಟ್ಟೆ, ಕೂಸು ಕುಡಿಯಿತು. ಊರಿಗೆ ಮರಳಿದಾಗ ಉಡಿಯಲ್ಲಿ ಕೂಸು, ಯಾರು ಕೇಳುತ್ತಾರೆ, ಮೂಗು ಅಪ್ಪಂದ ನೋಡ್ರಿ, ಅಂದರು ಓಣಿಯ ಹೆಂಗಸರು, ನನಗೂ ಹಾಗೇ ಕಂಡಿತು, ಸಿಂದಗಿಯವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ, ಗೊತ್ತಿದ್ದದ್ದು ನಮ್ಮ ಮೂವರಿಗೇ, ಕಾವೇರಿಗೂ ಗೊತ್ತಿಲ್ಲ. ಉಡಿಯಲ್ಲಿ ಬಿದ್ದ ಕೂಸು ಆ ಮನೆಯದೇ, ನನ್ನ ಹಾಲು, ಅವರ ಹೆಗಲು, ಒಂದೇ ಒಲೆಯ ರೊಟ್ಟಿ, ರಕ್ತ ಇನ್ನೆಲ್ಲಿಂದ ಆಗುತ್ತದೆ, ಕೂಡಿಯೇ ಕೂಡುತ್ತದೆ ಅಂದುಕೊಂಡೇ ಬೆಳಿಗ್ಗೆ ಮಗಳ ಜೊತೆ ಟಂಟಂ ಹತ್ತಿದೆ.

ಒತ್ತಿ ಹಿಡಿ ತಂಗಿ, ಅಂತ ನರ್ಸ್ ಗುಲನಾಜ ಸೂಜಿ ತೆಗೆದು ಹತ್ತಿ ಇಟ್ಟಳು, ಕಾವೇರಿ ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ನಾನು ಗುಲನಾಜಳ ಕಿವಿಯ ಹತ್ತಿರ ಸುಮ್ಮನೆ ಕೇಳಿದ ಹಾಗೆ ಕೇಳಿದೆ, ಸಾಕಿದ ಮಕ್ಕಳದೂ ಕೂಡ್ತೈತಲ್ಲವ್ವಾ, ಅವಳು ನಕ್ಕಳು, ಹೆಂಗ ಕೂಡತೈತಿ ಯವ್ವಾ, ಹುಟ್ಟಿಸಿದ ಅಪ್ಪಂದಷ್ಟ ಕೂಡತೈತಿ, ಇಲ್ಲಾ ಅವರ ಒಡಹುಟ್ಟಿದಾರದು. ಒಡಹುಟ್ಟಿದವನು ಬಾಗಿಲಲ್ಲೇ ನಿಂತಿದ್ದಾನೆ, ಟಂಟಂ ತಂದು ನಮ್ಮನ್ನು ಕೂರಿಸಿಕೊಂಡು ಬಂದವನು, ಮೊದಲು ಅವನನ್ನೇ ಕೇಳಿದ್ದರು ಸಾಹೇಬರು, ನಂಗ ಸಕ್ಕರಿ ಬ್ಯಾನಿ ಐತ್ರಿ, ಚುಚ್ಚಿದ್ದು ಮಾಯಂಗಿಲ್ಲ, ಮಗಳ ಇರೂವಾಗ ನಂದ್ಯಾಕ್ರಿ — ಮಗಳು ಇರುವಾಗ ಅಂದ, ಕೂಸನ್ನು ಕೈಯಾರೆ ತಂದವನು ಅಂದ, ಮತ್ತೆ ಗುಲನಾಜಳನ್ನು ಕೇಳುತ್ತೇನೆ, ಸಕ್ಕರಿ ಇದ್ದಾರದು ತಗೀಬಾರದೇನವ್ವಾ, ಅಯ್ಯ, ಅವರದು ದಿನಾ ತಗೀತೀವ್ರಿ. ಪಂಖ ತಿರುಗುತ್ತದೆ, ನೆರಳು ತಿರುಗುತ್ತದೆ, ಹೊಲ ಪಾಲು ಮಾಡೋಣ ಅಂತ ಅಣ್ಣತಮ್ಮಂದಿರು ಅಂಗಳದಲ್ಲಿ ಜಗಳಾಡುತ್ತಾರೆ, ಮರುದಿನ ಇಬ್ಬರೂ ಸಂತೆಗೆ ಹೋಗುತ್ತಾರೆ, ಒಬ್ಬನೇ ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಾನೆ, ಅಣ್ಣ ಸಾಂಗಲಿ ಕಡೆ ಹ್ವಾದ ವೈನಿ, ಅಲ್ಲಿ ಯಾರನ್ನೋ ಇಟ್ಕೊಂಡಾನಂತ, ನಾನು ನೀರು ಕೊಟ್ಟೆ, ದೇವರೇ, ನಾನೇ ತಂಬಿಗೆ ತುಂಬಿ ಕೊಟ್ಟೆ. ಈಗಲೂ ಅವನು ನನ್ನನ್ನೇ ನೋಡುತ್ತಿದ್ದಾನೆ, ನಾನು ಬಾಯಿ ಬಿಡುವುದಿಲ್ಲ ಅಂತ ಅವನಿಗೆ ಗೊತ್ತು, ಬಿಟ್ಟರೆ ಕಾವೇರಿಗೆ ಅಪ್ಪನೂ ಇಲ್ಲ ಅವ್ವನೂ ಇಲ್ಲ, ಬಿಡದಿದ್ದರೆ ಅವರು ದಿಕ್ಕಿಲ್ಲದವರಾಗಿ ಮಣ್ಣಿಗೆ, ಗುಲನಾಜ ಸೀಸೆಗೆ ಚೀಟಿ ಅಂಟಿಸುತ್ತಿದ್ದಾಳೆ, ಮೂಲೆಯ ಕುರ್ಚಿಯಲ್ಲಿ ಸಾಹೇಬರು ಕಾಗದ ಬರೆಯುತ್ತಿದ್ದಾರೆ, ತಡೆಯಲಾಗಲಿಲ್ಲ, ಯಾರದೋ ದನಿ, ನನ್ನದೇ, ಸಾಹೇಬ್ರ, ಆ ರಕ್ತ ಕೂಡಂಗಿಲ್ರಿ, ಆಕಿ ನಮ್ಮ ಸಾತವ್ವನ ಮಗಳು, ಕೂಸ ಇದ್ದಾಗ ಇಂವನ ತಂದು ನನ್ನ ಉಡಿಯಾಗ ಹಾಕ್ಯಾನ, ಇವಂದ ತಗೋರಿ, ಇವಂದ ಕೂಡತೈತಿ.

ವೈನೀ, ಅಂದ ಚಂದಪ್ಪ, ಕುರ್ಚಿ ಸರಿದ ಸದ್ದು, ಸಾಹೇಬರು ಎದ್ದಿರಬೇಕು, ನಾನು ನೋಡಲಿಲ್ಲ, ಕಾವೇರಿಯನ್ನೇ ನೋಡುತ್ತಿದ್ದೇನೆ, ಅವಳು ನನ್ನನ್ನು ನೋಡುವುದಿಲ್ಲ, ತೋಳಿನ ಮೇಲಿನ ಹತ್ತಿಯನ್ನು ನೋಡುತ್ತಾಳೆ, ಸಾಕು ತಂಗಿ, ನಿಂತೈತಿ, ಬಿಡು, ಅನ್ನುತ್ತಾಳೆ ಗುಲನಾಜ, ಕಾವೇರಿ ಬಿಡುವುದಿಲ್ಲ, ಹೆಬ್ಬೆರಳು ಬೆಳ್ಳಗಾಗಿದೆ, ಒತ್ತಿ ಹಿಡಿದಿದ್ದಾಳೆ, ಬಿಡವ್ವಾ, ಒತ್ತಿಯೇ ಹಿಡಿದಿದ್ದಾಳೆ