ಕೆಂಪು ಸೊನ್ನೆ

ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಎದುರಿಗೆ 'ಮೇಡಂ' ಎನ್ನುತ್ತಿದ್ದರು, ಬೆನ್ನ ಹಿಂದೆ 'ಸೊನ್ನೆ ಮೇಡಂ' ಎನ್ನುತ್ತಿದ್ದರು. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಯಾರೇ ಏನೇ ಬರೆದು ತಂದು ಮೇಜಿನ ಮೇಲಿಡಲಿ, ಮೊದಲ ನಾಲ್ಕು ಸಾಲು ಓದಿ, ಮೂಗು ಮುರಿದು, ಕೆಂಪು ಪೆನ್ನಿನಿಂದ ಹಾಳೆಯ ಮೂಲೆಗೆ ದುಂಡಗೊಂದು ಸೊನ್ನೆ ಸುತ್ತಿ ಹಿಂದಕ್ಕೆ ತಳ್ಳುತ್ತಿದ್ದಳು. ಯಾಕೆ ಎಂದು ಕೇಳಿದವರಿಗೆ, "ಯಾಕೆ ಅಂತ ಗೊತ್ತಾಗೋ ಹಾಗಿದ್ರೆ ನೀವು ಇದನ್ನ ಬರೀತಾನೇ ಇರಲಿಲ್ಲ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬುದ್ಧಿಯ ಜತೆಗೆ ಬಂದ ತಾತ್ಸಾರ ಇತ್ತಲ್ಲ, ಅದನ್ನು ಹೊರುವುದಕ್ಕೇ ಬೇರೆ ಒಬ್ಬ ಆಳು ಬೇಕಿತ್ತು.

ಅವಳ ಕೆಲಸ ಆಕಾಶದ ಸರ್ವೆಯ ವಿನ್ಯಾಸ. ಗುಡ್ಡದ ಮೇಲೊಂದು ದೊಡ್ಡ ದೂರದರ್ಶಕ, ಅದರ ಬಾಯಿಗೆ ಎಮ್ಮೆಯಷ್ಟು ತೂಕದ ಒಂದು ಕ್ಯಾಮೆರಾ. ಹತ್ತು ವರ್ಷ, ಮೋಡವಿಲ್ಲದ ಪ್ರತಿ ರಾತ್ರಿ, ಆ ಕ್ಯಾಮೆರಾ ಆಕಾಶವನ್ನು ತುಂಡು ತುಂಡಾಗಿ ಚಿತ್ರ ತೆಗೆಯುತ್ತಾ ಹೋಗಬೇಕು. ಯಾವ ತುಂಡು ಮೊದಲು, ಯಾವುದು ಆಮೇಲೆ, ಒಂದೊಂದನ್ನು ಎಷ್ಟು ಹೊತ್ತು, ಎಷ್ಟು ಸಲ, ಇದನ್ನೆಲ್ಲ ಅವಳೊಬ್ಬಳೇ ಎಂಟು ವರ್ಷ ಕೂತು ಹೆಣೆದಿದ್ದಳು. ಇವತ್ತು ಹನ್ನೊಂದು ಗಂಟೆಗೆ ಹೊರಗಿನಿಂದ ಮೂವರ ಪರಿಶೀಲನಾ ಸಮಿತಿ ಬರುತ್ತಿತ್ತು. ಅವರು ಸಹಿ ಹಾಕಿದರೆ ಮುಗಿಯಿತು, ಮುಂದಿನ ಹತ್ತು ವರ್ಷ ಆ ವಿನ್ಯಾಸದ ಒಂದು ಚುಕ್ಕಿಯನ್ನೂ ಯಾರೂ ಅಲುಗಿಸುವಂತಿಲ್ಲ. ಹಾಕದಿದ್ದರೆ ಎಂಟು ವರ್ಷ ನೀರಿನಲ್ಲಿ ಹೋಮ.

ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಮನೆಯ ಫೋನು ಬಡಿದುಕೊಂಡಿತು. ಎತ್ತಿದ್ದು ಗಂಡ. ಅವನು ದಂತವೈದ್ಯ, ಇಡೀ ದಿನ ಊರವರ ಬಾಯಿ ತೆರೆಸುವವನು, ಮನೆಯಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತಿದ್ದ.

"ನಿಮ್ಮ ಆಫೀಸಿನ ಚಿತ್ರದವರಂತೆ. ಎರಡೇ ನಿಮಿಷ ಮಾತಾಡ್ಬೇಕಂತೆ."

"ಆ ಬಣ್ಣದವನಾ! ನೀಲಿ ಜಾಸ್ತಿ ಆಯ್ತಾ, ಕೆಂಪು ಜಾಸ್ತಿ ಆಯ್ತಾ ಅಂತ ಕೇಳೋಕಿರುತ್ತೆ. ಇಲ್ಲ ಅಂದ್ಬಿಡಿ."

"ಪಾಪ, ಧ್ವನಿ ನಡುಗ್ತಿದೆ ಕಣೇ. ನನ್ನ ಕುರ್ಚಿಯಲ್ಲಿ ಕೂತವರೂ ಇಷ್ಟು ಹೆದರಲ್ಲ."

"ಹೆದರ್ಲಿ ಬಿಡಿ. ಹೆದರಿಕೆ ಇದ್ರೆ ಒಳ್ಳೇದೇ."

ಗಂಡ ಫೋನಿಗೆ, "ಸ್ನಾನಕ್ಕೆ ಹೋಗಿದಾರೆ" ಎಂದು ಸುಳ್ಳು ಹೇಳಿ ಇಟ್ಟ.

ಬಣ್ಣದವನೆಂದರೆ ಕಚೇರಿಯ ಪ್ರಚಾರದ ಚಿತ್ರ ಮಾಡುವವನು. ಹಿಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದನಂತೆ. ಅವಳ ವಿನ್ಯಾಸದಂತೆ ಕ್ಯಾಮೆರಾ ತಿರುಗಿದರೆ ಆಕಾಶ ಹೇಗೆ ಕಂಡೀತು ಎಂದು ಕಂಪ್ಯೂಟರು ಒಂದು ನಕಲಿ ಆಕಾಶವನ್ನು ಹೆಣೆದುಕೊಡುತ್ತಿತ್ತು. ಆ ಬೂದು ಚಿತ್ರಕ್ಕೆ ಬಣ್ಣ ತುಂಬಿ, ಹೊಳಪು ಕೊಟ್ಟು, ಗೋಡೆಗೆ ತೂಗುಹಾಕುವುದು ಅವನ ಉದ್ಯೋಗ. ಬೂದು ಚಿತ್ರವನ್ನು ಅವಳು ಒಮ್ಮೆಯೂ ತೆರೆದು ನೋಡಿರಲಿಲ್ಲ. ಚಿತ್ರ ನೋಡುವುದು ಮಕ್ಕಳ ಕೆಲಸ, ಲೆಕ್ಕ ನೋಡುವುದು ದೊಡ್ಡವರ ಕೆಲಸ ಎಂಬುದು ಅವಳ ಮತ. "ನನ್ನ ಮುಂದೆ ವಿಜ್ಞಾನ ಮಾತಾಡ್ಬೇಡಿ, ಬಣ್ಣ ಹಚ್ಕೊಂಡಿರಿ" ಎಂದು ವರ್ಷದ ಹಿಂದೆ ಹತ್ತು ಜನರ ಎದುರು ಅವನಿಗೆ ಹೇಳಿದ್ದಳು. ಹತ್ತು ಜನ ನಕ್ಕಿದ್ದರು. ಅವನೂ ನಕ್ಕಿದ್ದ, ಬೇರೆ ದಾರಿ ಏನಿತ್ತು?

ಕಚೇರಿಯ ಮೆಟ್ಟಿಲಲ್ಲೇ ನಿರ್ದೇಶಕರು ಅಡ್ಡ ಬಂದರು. ಈ ಮಹಾನುಭಾವರ ಜ್ಞಾನವೆಲ್ಲ ಒಂದು ಅಂಕಿಯಲ್ಲಿ ಅಡಗಿತ್ತು. ಬೇರೆಲ್ಲೋ ನಡೆಯುತ್ತಿದ್ದ ಇನ್ನೊಂದು ಸರ್ವೆ ಹದಿನೆಂಟು ಸಾವಿರ ಚದರ ಡಿಗ್ರಿ ಆಕಾಶ ನೋಡುತ್ತದಂತೆ, ಆದ್ದರಿಂದ ತಮ್ಮದು ಇಪ್ಪತ್ತು ಸಾವಿರ ನೋಡಬೇಕಂತೆ. ಯಾಕೆ ಎಂದರೆ ಇಪ್ಪತ್ತು ಹದಿನೆಂಟಕ್ಕಿಂತ ಜಾಸ್ತಿ, ಅದಕ್ಕೇ.

"ಅಲ್ಲಮ್ಮಾ, ಒಂದು ಚಿತ್ರದ ಅಂಚು ಇನ್ನೊಂದರ ಮೇಲೆ ಬರೋ ಹಾಗೆ ಇಟ್ಟಿದೀಯಲ್ಲ, ಆ ಅಂಚು ಬಿಟ್ಬಿಟ್ರೆ ಇಪ್ಪತ್ತು ಸಲೀಸಾಗಿ ಆಗುತ್ತೆ. ನೋಡಿದ್ದನ್ನೇ ಯಾಕೆ ಎರಡೆರಡು ಸಲ ನೋಡೋದು?"

"ಸರ್, ಅಂಚಿನಲ್ಲಿರೋ ನಕ್ಷತ್ರ ಎರಡೂ ಚಿತ್ರದಲ್ಲಿ ಬಂದ್ರೆ ತಾನೇ ಎರಡೂ ರಾತ್ರಿಯ ಬೆಳಕನ್ನ ಒಂದೇ ಅಳತೆಗೆ ತರೋಕಾಗೋದು? ಅಂಚು ಬಿಟ್ರೆ ನಮ್ಮ ಹತ್ರ ಇರೋದು ಸರ್ವೆ ಅಲ್ಲ, ಫೋಟೋ ಆಲ್ಬಮ್ಮು."

"ಆದ್ರೂ ಇಪ್ಪತ್ತು ಅಂದ್ರೆ ಕೇಳೋಕೆ ಒಂದು ತೂಕ ಇರುತ್ತೆ."

"ತೂಕ ಬೇಕಿದ್ರೆ ತಕ್ಕಡಿ ತರಿಸಿ ಸರ್" ಎಂದು ಅವಳು ಮೆಟ್ಟಿಲು ಹತ್ತಿಯೇಬಿಟ್ಟಳು. ನಿರ್ದೇಶಕರ ಮುಖ ಸಪ್ಪಗಾಯಿತು. ಅವಳಿಗೆ ಒಳಗೊಳಗೇ ಖುಷಿ.

ಸಮಿತಿ ಕೂತದ್ದು ಉದ್ದ ಮೇಜಿನ ಕೋಣೆಯಲ್ಲಿ. ಒಂದು ಗೋಡೆಯ ತುಂಬ ಬಣ್ಣದವನ ಚಿತ್ರ: ಸಾವಿರಾರು ಗೆಲಾಕ್ಸಿಗಳ ನಕಲಿ ಆಕಾಶ, ಕಣ್ಣು ಕುಕ್ಕುವ ಹಾಗೆ. ಸಮಿತಿಯ ಇಬ್ಬರು ಗಂಡಸರು ಬಂದ ಕೂಡಲೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅವಳಿಗೆ ವಾಕರಿಕೆ ಬಂತು. ಮೂರನೆಯವರು ಒಬ್ಬ ಹಿರಿಯಾಕೆ, ಮೊಣಕೈ ಸವೆದ ಸ್ವೆಟರು ತೊಟ್ಟು ಸುಮ್ಮನೆ ಒಂದು ಮೂಲೆಯಲ್ಲಿ ಕೂತಿದ್ದರು. ಇವರಿಗೆ ಅರ್ಧ ನಿದ್ದೆ ಎಂದುಕೊಂಡಳು ಇವಳು.

ಮಾತಿಗೆ ನಿಂತಳು ನೋಡಿ, ಅಬ್ಬಾ! ಅಂಚಿನ ವಿಷಯದಲ್ಲಿ ನಿರ್ದೇಶಕರನ್ನು ಅವರದೇ ಕುರ್ಚಿಯಲ್ಲಿ ಕೂರಿಸಿ ತೊಳೆದುಬಿಟ್ಟಳು. ಆಮೇಲೆ ತನ್ನ ಮುದ್ದಿನ ಭಾಗಕ್ಕೆ ಬಂದಳು. ಕ್ಯಾಮೆರಾ ಎಂದರೆ ಒಂದೇ ಗಾಜಲ್ಲ, ಬೆಳಕು ಹಿಡಿಯುವ ಹಲವು ಚಿಪ್‌ಗಳನ್ನು ಸಾಲಾಗಿ ಜೋಡಿಸಿದ್ದು. ಹಲವು ಗಾಜಿನ ಕಿಟಕಿಯಲ್ಲಿ ಗಾಜು ಗಾಜಿನ ನಡುವೆ ಮರದ ಪಟ್ಟಿ ಇರುತ್ತದಲ್ಲ, ಹಾಗೆ ಚಿಪ್‌ಗಳ ನಡುವೆ ಸಂದು. ಸಂದಿನಲ್ಲಿ ಬಿದ್ದ ಆಕಾಶ ಕಾಣುವುದಿಲ್ಲ. ಅದಕ್ಕೇ ಒಂದೇ ತುಂಡನ್ನು ಮೂರು ಸಲ, ಪ್ರತಿ ಸಲ ಕ್ಯಾಮೆರಾವನ್ನು ಕೊಂಚ ಸರಿಸಿ ತೆಗೆಯುವುದು. ಎಷ್ಟು ಸರಿಸಬೇಕು? ಇಲ್ಲೇ ಅವಳ ಜಾಣ್ಮೆ. ಸರಿಯಾಗಿ ಒಂದು ಚಿಪ್, ಒಂದು ಸಂದು, ಅಷ್ಟಕ್ಕಷ್ಟೇ. ಆಗ ಅದೇ ನಕ್ಷತ್ರ ಪಕ್ಕದ ಚಿಪ್‌ನ ಅದೇ ಜಾಗದಲ್ಲಿ ಬಂದು ಕೂರುತ್ತದೆ, ಒಂದು ಚಿಪ್‌ಗೂ ಇನ್ನೊಂದಕ್ಕೂ ಏನು ವ್ಯತ್ಯಾಸವೆಂದು ಥಟ್ಟನೆ ಗೊತ್ತಾಗುತ್ತದೆ. ಇಂಥ ಅಚ್ಚುಕಟ್ಟು ಇನ್ನಾವ ಸರ್ವೆಯಲ್ಲೂ ಇಲ್ಲ ಎಂದು ಹೇಳಿ ಎಲ್ಲರ ಮುಖ ನೋಡಿದಳು.

ಹಿರಿಯಾಕೆ ಕಣ್ಣು ತೆರೆದರು. "ಸಂದುಗಳೆಲ್ಲ ಮುಚ್ಚಿಹೋಗ್ತವಾಮ್ಮ?"

ಎಂಥ ಪ್ರಶ್ನೆ! ಮೂರು ಸಲ ಸರಿಸುತ್ತೇನೆಂದು ಈಗ ತಾನೇ ಹೇಳಿದ್ದೇನಲ್ಲ? "ನನ್ನ ಲೆಕ್ಕದಲ್ಲಿ ನೂರಕ್ಕೆ ನೂರು ಇದೆ. ಲೆಕ್ಕ ಓದೋಕೆ ಕಷ್ಟ ಆದ್ರೆ ಗೋಡೆ ಮೇಲೆ ಚಿತ್ರ ಇದೆ. ಒಂದು ಗೆರೆ ತೋರಿಸಿ ನೋಡೋಣ."

ಹಿರಿಯಾಕೆ ಬೇಸರಪಟ್ಟುಕೊಳ್ಳಲಿಲ್ಲ. ಚೀಲದಿಂದ ಭೂತಗನ್ನಡಿ ತೆಗೆದು, ಎದ್ದು ಹೋಗಿ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು. ನಿರ್ದೇಶಕರು ಕೆಮ್ಮಿದರು. "ಗೆರೆ ಇಲ್ಲ" ಎಂದರು ಹಿರಿಯಾಕೆ, ಬಂದು ಕೂತರು. ಊಟವಾದ ಮೇಲೆ ಎರಡೂವರೆಗೆ ಸಹಿ ಎಂದಾಯಿತು.

ಗೆದ್ದವರಿಗೆ ಉದಾರತೆ ಬರುತ್ತದೆ. ಬಣ್ಣದವನ ಚಿತ್ರ ಕೊನೆಗೂ ಒಂದು ಕೆಲಸಕ್ಕೆ ಬಂತಲ್ಲ, ಹೋಗಿ ಒಂದು ಮಾತು ಹೇಳಿಬರೋಣ ಎಂದು ಅವಳಿಗೆ ಅನ್ನಿಸಿತು. ಆ ಕಚೇರಿಗೆ ಬಂದ ಮೇಲೆ ಅವನ ಕೋಣೆಗೆ ಹೋದದ್ದು ಅದೇ ಮೊದಲು. ಕಾರಿಡಾರಿನ ಕೊನೆಯಲ್ಲಿ, ಮುರಿದ ಕುರ್ಚಿಗಳ ಉಗ್ರಾಣವಾಗಿದ್ದ ಜಾಗ. ಬಾಗಿಲಲ್ಲಿ ಅವಳನ್ನು ಕಂಡದ್ದೇ ತಡ, ಅವನು ಎದ್ದು ನಿಂತ, ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು.

"ಗೊತ್ತಾಗ್ಬಿಡ್ತಾ ಮೇಡಂ?"

"ಏನ್ರೀ ಗೊತ್ತಾಗೋದು?"

"ಗೆರೆಗಳು."

"ಯಾವ ಗೆರೆ?"

ಅವನು ಪರದೆಯ ಮೇಲೆ ಕಂಪ್ಯೂಟರು ಕೊಟ್ಟಿದ್ದ ಬೂದು ಚಿತ್ರವನ್ನು ತೆರೆದ. ಆಕಾಶದ ತುಂಬ ಕಪ್ಪು ಗೆರೆ. ಉದ್ದಕ್ಕೆ, ಅಡ್ಡಕ್ಕೆ, ಚೌಕುಳಿ ಪುಸ್ತಕದ ಹಾಳೆಯ ಹಾಗೆ, ತುದಿ ಮೊದಲಿಲ್ಲದೆ.

ಕಂಪ್ಯೂಟರಿನ ತಪ್ಪು ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ತಾನೇ ಹೇಳಿದ್ದ ಕಿಟಕಿ ನೆನಪಾಯಿತು. ಕಿಟಕಿಯನ್ನು ಸರಿಯಾಗಿ ಒಂದು ಗಾಜು, ಒಂದು ಪಟ್ಟಿಯಷ್ಟು ಸರಿಸಿದರೆ ಪಟ್ಟಿ ಇದ್ದ ಜಾಗಕ್ಕೆ ಬಂದು ನಿಲ್ಲುವುದು ಏನು? ಮುಂದಿನ ಪಟ್ಟಿ. ಮೂರು ಸಲ ಸರಿಸಿದರೂ ಅಷ್ಟೇ, ಮುನ್ನೂರು ಸಲ ಸರಿಸಿದರೂ ಅಷ್ಟೇ. ಹತ್ತು ವರ್ಷವೂ ಸಂದಿನ ಮೇಲೆ ಸಂದು, ಆ ಗೆರೆಗಳ ಹಿಂದಿನ ಆಕಾಶವನ್ನು ಯಾರೂ ಒಮ್ಮೆಯೂ ನೋಡುವುದಿಲ್ಲ. ಕಿಟಕಿಯ ಮುಂದೆ ಎರಡು ನಿಮಿಷ ನಿಂತ ಯಾರಿಗಾದರೂ ಹೊಳೆಯುತ್ತಿತ್ತು. ಮತ್ತೆ ಅವಳ ಲೆಕ್ಕದ ನೂರಕ್ಕೆ ನೂರು? ಬೇಗ ಮುಗಿಯಲೆಂದು ಆ ಲೆಕ್ಕಕ್ಕೆ ಕ್ಯಾಮೆರಾವನ್ನು ಸಂದಿಲ್ಲದ ಒಂದೇ ಹಾಳೆ ಎಂದು ಕೊಟ್ಟಿದ್ದಳು, ಕೊಟ್ಟದ್ದನ್ನು ಮರೆತಿದ್ದಳು. ಕಂಪ್ಯೂಟರಿನ ಚಿತ್ರ ಮಾತ್ರ ನಿಜವಾದ ಸಂದುಗಳನ್ನೇ ಲೆಕ್ಕಕ್ಕಿಟ್ಟಿತ್ತು. ತನ್ನ ಲೆಕ್ಕವನ್ನು ಇನ್ನೊಬ್ಬರು ನೋಡುವುದೆಂದರೆ ಅವಳಿಗೆ ಅವಮಾನ, ಆದ್ದರಿಂದ ಯಾರೂ ನೋಡಿರಲಿಲ್ಲ.

"ಅಂದ್ರೆ ಗೋಡೆ ಮೇಲಿರೋದು..."

"ನಾನೇ ಅಳಿಸಿದ್ದು ಮೇಡಂ. ಅಕ್ಕಪಕ್ಕದ ಬಣ್ಣ ಎಳೆದು ಮುಚ್ಚಿದೆ. ಮೂರು ತಿಂಗಳಿಂದ ಅದೇ ಕೆಲಸ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಮೂರು ತಿಂಗಳು! ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ದೆ ಮೇಡಂ."

ಡ್ರಾಯರಿನಿಂದ ಒಂದು ಹಾಳೆ ತೆಗೆದು ಕೊಟ್ಟ. ಅದೇ ಬೂದು ಆಕಾಶದ ಒಂದು ತುಂಡು. ಒಂದು ಗೆರೆಗೆ ಪೆನ್ಸಿಲಿನಲ್ಲಿ ಬಾಣ ಗುರುತು, ಪಕ್ಕದಲ್ಲಿ ಬೋರ್ಡು ಬರೆಯುವವರ ಆ ಮುದ್ದಾದ ಅಕ್ಷರ: 'ಈ ಕಪ್ಪು ಗೆರೆ ಇರಬೇಕಾದದ್ದೇ ಮೇಡಂ?' ಮೂಲೆಯಲ್ಲಿ ದುಂಡಗೆ, ಕೆಂಪಗೆ, ಒಂದು ಸೊನ್ನೆ. ಬಾಣವನ್ನೂ ನೋಡಿರಲಿಲ್ಲ, ಅಕ್ಷರವನ್ನೂ ಓದಿರಲಿಲ್ಲ, ತಂದವನ ಮುಖ ನೋಡಿ ಸುತ್ತಿದ ಸೊನ್ನೆ ಅದು.

"ಇದು ಬಂದ್ಮೇಲೆ ಇನ್ನೇನು ಕೇಳೋದು? ನನಗೇನು ಗೊತ್ತು, ಕೇಳಿದ್ದೇ ತಪ್ಪು ಅಂದ್ಕೊಂಡೆ. ಆದ್ರೂ ಸಮಿತಿ ಬರುತ್ತೆ ಅಂದಾಗ ಸುಮ್ಮನಿರೋಕಾಗ್ಲಿಲ್ಲ. ಅದಕ್ಕೇ ಬೆಳಿಗ್ಗೆ ಫೋನ್ ಮಾಡಿದ್ದು." ಆಮೇಲೆ ಸೇರಿಸಿದ, "ಸ್ನಾನಕ್ಕೆ ಹೋಗಿದ್ರಂತೆ."

ಹಾಳೆ ಹಿಡಿದು ಹೊರಬಂದವಳಿಗೆ ಕಾರಿಡಾರಿನಲ್ಲಿ ನಿರ್ದೇಶಕರೇ ಸಿಗಬೇಕೆ! ವಿಷಯ ಕೇಳಿ ಅವರು ಗಾಬರಿಯಾಗಲಿಲ್ಲ. ಆಚೀಚೆ ನೋಡಿ, ಧ್ವನಿ ತಗ್ಗಿಸಿ ಹೇಳಿದರು:

"ಈಗ ಬಾಯಿ ಬಿಡ್ಬೇಡ. ಸಹಿ ಆಗ್ಲಿ. ಗೊತ್ತಾಗೋ ಹೊತ್ತಿಗೆ ಈ ಕಚೇರಿಯಲ್ಲಿ ನಾನೂ ಇರಲ್ಲ, ನೀನೂ ಇರಲ್ಲ. ಅಲ್ಲಿವರೆಗೆ ಅವನು ಅಳಿಸ್ತಾನೆ ಬಿಡು."

ಥೂ ನಿನ್ನ, ಎಂದುಕೊಂಡಳು. ಅಂದುಕೊಂಡ ಮರುಗಳಿಗೆಯೇ ಕೈಯಲ್ಲಿದ್ದ ಹಾಳೆಯ ಸೊನ್ನೆ ಕಣ್ಣಿಗೆ ಬಿತ್ತು. ಈ ಮನುಷ್ಯ ಬೇಕೆಂದೇ ಮಾಡು ಎನ್ನುತ್ತಿರುವುದನ್ನು ತಾನು ಗೊತ್ತಿಲ್ಲದೆಯೇ ಮೂರು ತಿಂಗಳಿಂದ ಮಾಡಿಸುತ್ತಲೇ ಬಂದಿದ್ದೆನಲ್ಲ? ಹೀಗೆ ಯಾರನ್ನೂ ಲೆಕ್ಕಕ್ಕಿಡದೆ ಬದುಕಿದವಳಿಗೆ ನಾಚಿಕೆ ಎಂಬುದು ಆ ವಯಸ್ಸಿನಲ್ಲಿ ಹೊಸ ವಿದ್ಯೆ. ಹಾಳೆ ಹಿಡಿದುಕೊಂಡೇ ಸಮಿತಿಯ ಕೋಣೆಯತ್ತ ನಡೆದಳು.

ಎರಡೂವರೆಗೆ ಪೆನ್ನುಗಳು ಹೊರಬಂದಿದ್ದವು. ಅವಳು ಹಾಳೆಯನ್ನು ಮೇಜಿನ ನಡುವೆ ಇಟ್ಟು, ನಿಂತುಕೊಂಡೇ ಎಲ್ಲ ಹೇಳಿದಳು. ಗಾಜು, ಪಟ್ಟಿ, ತನ್ನ ಅಚ್ಚುಕಟ್ಟು, ಗೋಡೆಯ ಚಿತ್ರ. ಬೆಳಿಗ್ಗೆ ಫೋಟೋ ತೆಗೆಸಿಕೊಂಡ ಇಬ್ಬರೂ ಗೋಡೆಗೆ ಬೆನ್ನು ತಿರುಗಿಸಿ ಕೂತರು. ನಿರ್ದೇಶಕರು, "ನನಗೆ ಮೊದಲಿಂದಲೂ ಸಂಶಯ ಇತ್ತು" ಎಂದರು.

ಹಿರಿಯಾಕೆ ಪೆನ್ನಿನ ಮುಚ್ಚಳ ಹಾಕಿದರು. "ಸಹಿ ಇಲ್ಲ. ಆರು ವಾರ ಕೊಡ್ತೀವಿ. ಅಂಚು ಇರ್ಲಿ, ಅದು ಸರಿಯಾಗಿದೆ. ಸರಿಸೋ ಅಳತೆ ಬದಲಾಯಿಸಿ, ಅದು ಒಂದು ಮಧ್ಯಾಹ್ನದ ಕೆಲಸ. ಮತ್ತೆ ಬರೋವಾಗ ನಿಮ್ಮ ಸಹಿ ಕೆಳಗೆ ಆ ಚಿತ್ರದವರ ಸಹಿಯೂ ಇರ್ಬೇಕು."

"ಅವನ ಸಹಿನಾ?" ಬಾಯಿ ತಪ್ಪಿ ಬಂದುಬಿಟ್ಟಿತು. ಅಷ್ಟು ವರ್ಷದ ಅಭ್ಯಾಸ, ಅರ್ಧ ಗಂಟೆಯಲ್ಲಿ ಎಲ್ಲಿಗೆ ಹೋಗಬೇಕು?

"ಹೂಂ, ಅವರದೇ. ಇಷ್ಟು ಜನದಲ್ಲಿ ಆ ಆಕಾಶ ನೋಡಿದ್ದು ಅವರೊಬ್ಬರೇ ಅಲ್ವಾ?" ಹಿರಿಯಾಕೆ ಹಾಳೆಯನ್ನು ಹತ್ತಿರ ಎಳೆದುಕೊಂಡು, ಭೂತಗನ್ನಡಿಯನ್ನು ಮೂಲೆಯ ಮೇಲೆ ಹಿಡಿದರು. ಗಾಜಿನೊಳಗೆ ಸೊನ್ನೆ ತಟ್ಟೆಯಷ್ಟಾಯಿತು. "ಇದನ್ನ ಹಾಕಿದ್ದು ಯಾರು?"

"ನಾನೇ."

"ಯಾರಿಗೆ ಹಾಕಿದ್ದು?"

ಬಾಗಿಲ ಬಳಿ, ಒಳಗೆ ಬರಲೋ ಬೇಡವೋ ಎಂದು ತಿಳಿಯದೆ, ಬಣ್ಣದವನು ನಿಂತಿದ್ದ. ಅವಳು ಅವನನ್ನು ನೋಡಿದಳು, ಮೊದಲ ಸಲ ಪೂರ್ತಿ ನೋಡಿದಳು.

"ಅವರಿಗೆ ಅಂದ್ಕೊಂಡು ಹಾಕಿದ್ದೆ" ಎಂದಳು.