ಎಲೆ ತೆರೆಯದ ದಿನ

ನಾನು ಒಂದು ಚಿನ್ನದೆಲೆಯ ವಿದ್ಯುದ್ದರ್ಶಕ. ಹೆಸರು ಕೇಳಿ ಹೆದರಬೇಡಿ. ಅಂಗೈಯಗಲದ ಹಿತ್ತಾಳೆ ಡಬ್ಬಿ, ಹಿಂದೆ ಮುಂದೆ ಗಾಜು, ನೆತ್ತಿಯ ಮೇಲೊಂದು ಲೋಹದ ತಟ್ಟೆ. ತಟ್ಟೆಯಿಂದ ಒಂದು ಸರಳು ಡಬ್ಬಿಯೊಳಗೆ ಇಳಿಯುತ್ತದೆ; ಅದರ ತುದಿಗೆ ಎರಡು ಚಿನ್ನದ ಎಲೆಗಳು. ಸರಳು ಡಬ್ಬಿಗೆ ತಾಗಬಾರದೆಂದು ಕೊರಳಲ್ಲಿ ವಿದ್ಯುತ್ತು ಹರಿಯಗೊಡದ ಗಟ್ಟಿ ರಬ್ಬರಿನ, ಕರಿಯ ಎಬೊನೈಟಿನ ಗುಂಡನೆಯ ಬಿರಡೆ. ಯಾರಾದರೂ ವಿದ್ಯುದಂಶ ತಂದು ತಟ್ಟೆಗೆ ಮುಟ್ಟಿಸಿದರೆ ಎಲೆಗಳು ಒಂದನ್ನೊಂದು ದೂಡಿ ತೆರೆದುಕೊಳ್ಳುತ್ತವೆ. ನನಗೆ ಬರುವ ಮಾತು ಅಷ್ಟೇ. ಅದೂ ಯಾರಾದರೂ ಆಡಿಸಿದರೆ.

ಹುಟ್ಟಿದ್ದು ಅಂಬಾಲಾದ ಒಂದು ಕಾರ್ಖಾನೆಯಲ್ಲಿ. ಒಬ್ಬ ಮುದುಕ ಉಸಿರು ಬಿಗಿಹಿಡಿದು ನನ್ನ ಎಲೆಗಳನ್ನು ಅಂಟಿಸಿದ್ದು ನನ್ನ ಮೊದಲ ನೆನಪು. ಮುಗಿದ ಮೇಲೆ ಆತ ಮುಖ ಆಚೆ ತಿರುಗಿಸಿ ಉಸಿರು ಬಿಟ್ಟ. ಅಷ್ಟು ತೆಳು ನಾನು.

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಗುಳೇದಗುಡ್ಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಬಂದೆ. ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಒಂಬತ್ತು ವರ್ಷ. ಪರೀಕ್ಷೆಗೆ ನನ್ನ ಚಿತ್ರ ಬರುತ್ತಿತ್ತಂತೆ. ಹುಡುಗಿಯರು ಪುಸ್ತಕ ನೋಡಿ ಬರೆದು ಕಲಿಯುತ್ತಿದ್ದರು. ನಾನು ಆರಡಿ ದೂರದಲ್ಲೇ ಇದ್ದೆ.

ಆಮೇಲೆ ಮುದ್ದೇಬಿಹಾಳ ಟೀಚರ್ ಬಂದರು. ಒಂದು ವರ್ಷದ ಮಟ್ಟಿಗೆ, ತಾತ್ಕಾಲಿಕ. ದನಿ ಎಷ್ಟು ಸಣ್ಣದೆಂದರೆ ಹಿಂದಿನ ಬೆಂಚಿನವರು ಕಿವಿಗೆ ಕೈ ಹಚ್ಚಿ ಕೇಳಬೇಕು. ಅವರು ನನ್ನ ಧೂಳು ಒರೆಸಿದರು. ಹತ್ತು ಗೆರೆ ಎಳೆದ ಕಾಗದದ ಪಟ್ಟಿಯೊಂದನ್ನು ಎಲೆಗಳ ಹಿಂದಿನ ಗಾಜಿಗೆ ಅಂಟಿಸಿದರು. ಅದು ನನ್ನ ಅಳತೆಗೋಲು.

ಗಾಜಿನ ಕಡ್ಡಿ ತಿಕ್ಕಲು ರೇಷ್ಮೆಗೆ ಆ ಊರಲ್ಲಿ ಬರವೇ? ಹುಡುಗಿಯರು ಮನೆಯ ಮಗ್ಗದಿಂದ ಖಣದ ಚೂರು ತಂದರು.

"ಅವ್ವಗ ಹೇಳದ ತಂದೀನ್ರಿ ಟೀಚರ್."

"ಹೇಳಿ ತರಬೇಕಲ್ಲ, ಹುಚ್ಚಿ! ಆತು, ಹತ್ತ ಸರ್ತಿ ತಿಕ್ಕು. ಎಷ್ಟ ಗೆರಿ ತೆರೀತು?"

"ಮೂರ್ರಿ!"

"ಈಗ ಇಪ್ಪತ್ತ ಸರ್ತಿ."

"ಐದು... ಐದೂವರಿ ಐತ್ರಿ! ಏ, ದೂರ ಸರಿಯ, ನಿನ್ನ ಉಸರಿಗೆ ಬಂಗಾರ ಹರದೀತು!"

"ಬರಕೋರಿ. ಐತಿ ಅಂದ್ರ ಸಾಲೂದಿಲ್ಲ. ಎಷ್ಟೈತಿ ಅಂತ ಹೇಳಬೇಕು."

ಮಧ್ಯಾಹ್ನ ಎಲ್ಲರೂ ಸ್ಟಾಫ್ ರೂಮಿನಲ್ಲಿ ಉಂಡರೆ ಟೀಚರ್ ನನ್ನ ಪಕ್ಕ ಕೂತು ಡಬ್ಬಿ ಬಿಚ್ಚುತ್ತಿದ್ದರು. ಮಾತಿಲ್ಲ. ನಾವಿಬ್ಬರೂ ಹಾಗೇ.

ಮಾಘದಲ್ಲಿ ಆಡಳಿತ ಮಂಡಳಿಯವರು ಅವರ ಪಾಠ ನೋಡಲು ಬಂದರು. ಒಪ್ಪಿಗೆಯಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಜೂನ್‌ಗೆ ಬೇರೆಯವರು. ಟೀಚರ್ ಆ ವಾರವೆಲ್ಲ ನನ್ನ ಮುಂದೆಯೇ ಪಾಠ ಒಪ್ಪಿಸಿ ನೋಡಿಕೊಂಡಿದ್ದರು.

ಬಂದವರಿಗೆ ನೀರು ಕೊಡುವಾಗ ಪ್ಯೂನ್ ಸಂಗನಬಸಪ್ಪ ಅಧ್ಯಕ್ಷರ ಧೋತರದ ಮೇಲೆ ಲೋಟ ಚೆಲ್ಲಿದ.

"ಮೊನ್ನೆ ಗಂಟಿ ತಪ್ಪಿಸಿದಿ, ಇವತ್ತ ಇದು. ಇನ್ನೊಂದ ತಪ್ಪಾತಂದ್ರ ಮನೀಗೆ ನಡಿ," ಅಂದರು ಅಧ್ಯಕ್ಷರು. ವೆರಾಂಡದ ಮಾತು ಟೀಚರಿಗೂ, ಕಪಾಟಿನೊಳಗಿನ ನನಗೂ ಕೇಳಿತು.

ಬೈಸಿಕೊಂಡ ಅವನೇ ಬಂದು ನನ್ನನ್ನು ಮೇಜಿನ ಮೇಲಿಟ್ಟ. ನನ್ನ ಕರಿಯ ಗುಂಡು ಕೊರಳು ಅವನಿಗೆ ಲಿಂಗದ ಹಾಗೆ ಕಂಡಿತೋ ಏನೋ. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಲ್ಲಿ, ಸರಳಿನ ಬುಡದಿಂದ ಡಬ್ಬಿಯ ಅಂಚಿನವರೆಗೂ ಎಳೆದ. "ಶಿವನ, ಈ ಟೀಚರ ಕೂಸಿನ ಕೈ ಬಿಡಬ್ಯಾಡ," ಅಂದ. ಹಸಿ ವಿಭೂತಿ ಬೆಳ್ಳಗೆ ಕಾಣುವುದಿಲ್ಲ. ಒಣಗಿದ ಮೇಲೆ ಕಾಣುತ್ತದೆ.

ಮಂಡಳಿಯವರು ಬಂದು ಕೂತ ಮೇಲೆ ಟೀಚರ್ ಕಡ್ಡಿ ತಿಕ್ಕಿ ಮುಟ್ಟಿಸಿದರು. ನನ್ನ ಎಲೆಗಳು ಒಮ್ಮೆ ಅದುರಿ ಮುಚ್ಚಿಕೊಂಡವು. ಬಂದ ವಿದ್ಯುದಂಶವೆಲ್ಲ ಆ ಹಸಿ ವಿಭೂತಿಯ ದಾರಿ ಹಿಡಿದು ಡಬ್ಬಿಗೆ ಇಳಿದುಹೋಗುತ್ತಿತ್ತು. ಇನ್ನೊಮ್ಮೆ. ಮತ್ತೊಮ್ಮೆ. ನಾನು ತೆರೆಯಲಿಲ್ಲ.

"ಏನ್ರಿ ಟೀಚರ್, ಎಲಿಗೆ ನಿದ್ದಿ ಹತ್ತೈತೇನು?" ಅಂದರು ಅಧ್ಯಕ್ಷರು. ಮಿಕ್ಕವರು ನಕ್ಕರು. "ಓದಿ ಹೇಳೂದು ಯಾರಿಗರೆ ಬರ್ತೈತಿ. ಮಾಡಿ ತೋರಿಸೂದು ಬರಬೇಕು." ಎದ್ದು ಹೆಡ್‌ಮಿಸ್ಟ್ರೆಸ್ ಕೋಣೆಗೆ ಚಹಾಕ್ಕೆ ಹೋದರು.

ಟೀಚರ್ ಒಬ್ಬರೇ ಉಳಿದರು. ಸ್ವಲ್ಪ ಹೊತ್ತಿಗೆ ನನ್ನ ಕೊರಳಲ್ಲಿ ಮೂರು ಬಿಳಿ ಗೆರೆ ಮೂಡಿದವು. ಅವರು ನೋಡಿದರು. ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದರು. ಕಡ್ಡಿ ಮುಟ್ಟಿಸಿದರು. ಆರು ಗೆರೆ! ನಾನು ಅಷ್ಟು ತೆರೆದದ್ದೇ ಇಲ್ಲ. ಟೀಚರ್ ನನ್ನನ್ನು ಎತ್ತಿಕೊಂಡು ಬಾಗಿಲಿಗೆ ಓಡಿದರು. ಚಹಾ ಇನ್ನೂ ಮುಗಿದಿರಲಿಲ್ಲ. ಹತ್ತು ಹೆಜ್ಜೆ ಅಷ್ಟೇ.

ಎದುರಿಗೆ ಸಂಗನಬಸಪ್ಪ ಬಂದ, ಕೈಯಲ್ಲಿ ಖಾಲಿ ಟ್ರೇ.

"ಚಲೋ ಆತಿಲ್ರಿ ಟೀಚರ? ನಾ ದೇವರಿಗೆ ಬೇಡಕೊಂಡೇನಿ. ಇದರ ಕೊಳ್ಳಿಗೆ ವಿಭೂತಿನೂ ಹಚ್ಚೀನ್ರಿ."

ಟೀಚರ್ ಹೆಡ್‌ಮಿಸ್ಟ್ರೆಸ್ ಕೋಣೆಯ ಕಡೆ ನೋಡಿದರು. ಅಧ್ಯಕ್ಷರ ನಗು ಕೇಳುತ್ತಿತ್ತು. ಮೊದಲು ಯಾಕೆ ತೆರೆಯಲಿಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ. ಟೀಚರಿಗೆ ಸುಳ್ಳು ಹೇಳಿ ರೂಢಿಯಿಲ್ಲ.

ನನ್ನ ಎಲೆಗಳು ಇನ್ನೂ ತೆರೆದೇ ಇದ್ದವು. ಟೀಚರ್ ಮೆಲ್ಲಗೆ ತಟ್ಟೆಗೆ ಬೆರಳು ಮುಟ್ಟಿಸಿದರು. ನನ್ನಲ್ಲಿದ್ದದ್ದೆಲ್ಲ ಅವರ ಮೈಯೊಳಗಿಂದ ನೆಲಕ್ಕಿಳಿಯಿತು. ಎಲೆಗಳು ಮುಚ್ಚಿದವು.

"ನನಗ ಬರಲಿಲ್ಲ, ಕಾಕಾ," ಅಂದರು.

ಏಪ್ರಿಲ್‌ನಲ್ಲಿ ಅವರು ಹೋದರು. ಹೋಗುವ ದಿನ ಕಪಾಟಿನ ಗಾಜಿಗೆ ಒಮ್ಮೆ ಅಂಗೈ ಹಚ್ಚಿದರು, ಅಷ್ಟೇ. ಆಮೇಲೆ ಬಂದ ಮಾಸ್ತರರು ನನ್ನನ್ನು ಬೋರ್ಡಿನ ಮೇಲೆ ಬರೆದು ತೋರಿಸಿ ಮುಂದಿನ ಪಾಠಕ್ಕೆ ಹೋಗುವವರು. ಅಂಟು ಒಣಗಿ ಅಳತೆಯ ಪಟ್ಟಿ ಕಳಚಿ ಬಿತ್ತು. ವರ್ಷಗಳು ಹೋದದ್ದು ನನಗೆ ಧೂಳಿನಿಂದ ತಿಳಿಯುತ್ತದೆ.

ಸಂಗನಬಸಪ್ಪನಿಗೆ ಶಾಲು ಹೊದಿಸಿ ನಿವೃತ್ತಿ ಮಾಡಿದ ದಿನ, ಕೀಲಿ ಒಪ್ಪಿಸುವ ಮೊದಲು ಅವನು ಹೊಸ ಪ್ಯೂನನಿಗೆ ಕಪಾಟು ತೋರಿಸಲು ಬಂದ. ನನ್ನ ಮುಂದೆ ನಿಂತ.

"ಇದನ್ನ ಒಬ್ಬ ಟೀಚರ ಭಾಳ ಜ್ವಾಕಿಲೆ ನೋಡ್ತಿದ್ಲು. ಮನಸು ಬಂಗಾರದ್ದು. ಆದ್ರ ಪಾಪ, ಪ್ರಯೋಗ ಮಾಡಾಕ ಬರ್ತಿರಲಿಲ್ಲ."

ಬರುತ್ತಿತ್ತು. ನನ್ನಷ್ಟು ಬಲ್ಲವರು ಇನ್ಯಾರಿದ್ದಾರೆ? ಆದರೆ ಅವರು ತಾವೇ ಬೆರಳಿಟ್ಟು ಮುಚ್ಚಿದ ಮಾತು ಅದು. ಹೊಸ ಪ್ಯೂನ್ ಹೂಂ ಅಂದು ಕಪಾಟಿನ ಬಾಗಿಲು ಹಾಕಿದ.