ಆಮೆ ಉಸಿರಾಡಿದ ಜಾಗ

೨೦೧೯ರ ಮಾರ್ಚ್ ೯, ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಬೇಕರಿಯ ಮೇಲಿನ ಮಹಡಿಯಲ್ಲಿ ಅಳತೆಗೋಲು ಐದು ಹಾಳೆಗಳನ್ನು ಐದು ಸ್ಟ್ಯಾಂಡುಗಳ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ, ಪಿಯಾನೋ ಮುಂದೆ ಕೂತಳು. ಅವಳು ಬರೆದ ಮೊದಲ ಅರೇಂಜ್‌ಮೆಂಟನ್ನು ಇನ್ನೊಂದು ನಿಮಿಷದಲ್ಲಿ ನುಡಿಸಲಿದ್ದರು.

ಅಳತೆಗೋಲು ಅನ್ನುವುದು ಅಡ್ಡಹೆಸರು. ಭೌತಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ಶ್ವಾಸಕೋಶ ಪರೀಕ್ಷೆ ಮಾಡುವ ಕೆಲಸಕ್ಕಿದ್ದ ಅವಳು ಹಾಲು ಕಾಯಿಸುವಾಗಲೂ ಗಡಿಯಾರ ನೋಡುತ್ತಾಳೆಂದು ಒಂದೇ ಮನೆಯಲ್ಲಿದ್ದ ದೊಡ್ಡಮ್ಮ ಇಟ್ಟ ಹೆಸರು ಅದು. ಬ್ಯಾಂಡಿನವರೂ ಅದನ್ನೇ ಹಿಡಿದುಕೊಂಡರು. ಬ್ಯಾಂಡು ಎಂದರೆ ಭಾರಿ ಏನಲ್ಲ, ಜಾಝ್ ನುಡಿಸುವ ಐದು ಜನ. ದೊಡ್ಡಪ್ಪನದು ಟ್ರಾಂಬೋನ್. ದೊಡ್ಡಮ್ಮನದು ಅವರಿಗಿಂತ ಒಂದು ಗೇಣು ಎತ್ತರದ ತಂತಿವಾದ್ಯ, ಡಬಲ್ ಬೇಸ್. ಸ್ಯಾಕ್ಸೊಫೋನ್ ಊದುವವರು ಹಲ್ಲಿನ ಡಾಕ್ಟರಮ್ಮ. ಡ್ರಮ್ಸು ಬೇಕರಿ ಮಾಲೀಕರದು. ಮಹಡಿಯೂ ಅವರದೇ, ಗೋಡೆಗೊರಗಿಸಿದ ಮೈದಾ ಚೀಲಗಳೂ ಅವರದೇ. ಆ ಚೀಲಗಳಿಂದಾಗಿ ಸದ್ದು ಬೀದಿಗೆ ಹೋಗದೆ ಅಕ್ಕಪಕ್ಕದವರ ಸ್ನೇಹ ಉಳಿದಿತ್ತು.

ಒಂದು ರಾಗವನ್ನು ಯಾವ ವಾದ್ಯಕ್ಕೆ ಎಷ್ಟು ಹಂಚಬೇಕು, ಯಾರು ಯಾವಾಗ ಮಾತಾಡಬೇಕು, ಯಾರು ಯಾವಾಗ ಸುಮ್ಮನಿರಬೇಕು ಎಂದು ಬರೆಯುವ ಈ ಅರೇಂಜ್‌ಮೆಂಟ್ ಕೆಲಸವನ್ನು ಇಷ್ಟು ವರ್ಷ ದೊಡ್ಡಪ್ಪನೇ ಮಾಡುತ್ತಿದ್ದರು. ಹಗಲೆಲ್ಲ ನೀರು ಸರಬರಾಜಿನ ಪೈಪು ನೋಡಿಕೊಂಡು, ಸಂಜೆ ಬಂದು ಇನ್ನೊಂದು ಪೈಪು ಹಿಡಿದು ನಿವೃತ್ತಿಯವರೆಗೂ ಬಂದ ಮನುಷ್ಯ. ಆ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ಮೂರು ವಾರ ಮಲಗಿದರು. ಎದ್ದ ಮೇಲೆ ಅವರ ಉಸಿರನ್ನು ಅಳೆದವಳು ಅಳತೆಗೋಲೇ. ಆಸ್ಪತ್ರೆಯ ಡಾಕ್ಟರು ವರದಿ ನೋಡಿ, "ಊದಿ, ಏನೂ ತೊಂದರೆ ಇಲ್ಲ. ಆದರೆ ಮಧ್ಯೆ ಮಧ್ಯೆ ದಮ್ಮು ತಗೊಳ್ಳಿ," ಎಂದಿದ್ದರು.

ದೊಡ್ಡಪ್ಪ ಮನೆಗೆ ಬಂದು ತಮ್ಮದೇ ತೀರ್ಪು ಕೊಟ್ಟರು. "ಏಪ್ರಿಲ್ ಆರಕ್ಕೆ ಗ್ರಂಥಾಲಯದ ಹೊಸ ಸಭಾಂಗಣದಲ್ಲಿ ನಮ್ಮ ಕಾರ್ಯಕ್ರಮ ಇದೆಯಲ್ಲ, ಅಲ್ಲಿ 'ಆಮೆ'ಯನ್ನ ಕೊನೆವರೆಗೂ ಊದಿದರೆ ಮುಂದುವರೀತೀನಿ. ಆಗಲಿಲ್ಲ ಅಂದ್ರೆ ಟ್ರಾಂಬೋನನ್ನ ಶಾಲೆಯ ಮಕ್ಕಳಿಗೆ ಕೊಟ್ಟುಬಿಡ್ತೀನಿ. ಅರೇಂಜ್ ನೀನು ಮಾಡು. ನಾನೇ ಬರೆದರೆ ನನಗೆ ಬೇಕಾದ ಹಾಗೆ ಮೋಸ ಮಾಡ್ಕೊಂಡುಬಿಡ್ತೀನಿ."

'ಆಮೆ' ದೊಡ್ಡಪ್ಪ ಪ್ರಾಯದಲ್ಲಿ ಕಟ್ಟಿದ ರಾಗ. ಮದುವೆಗೆ ಮುಂಚೆ ದೊಡ್ಡಮ್ಮನ ಮನೆ ಮುಂದೆ ಹಾದುಹೋಗುವಾಗ ಹುಟ್ಟಿದ್ದಂತೆ. ಎಷ್ಟು ನಿಧಾನವೆಂದರೆ, ದೊಡ್ಡಮ್ಮ ಹೇಳುವ ಹಾಗೆ, "ನಮ್ಮಪ್ಪ ಬಂದು ಗೇಟು ಹಾಕ್ಕೊಂಡು ಒಳಗೆ ಹೋದರೂ ಇವರ ಮೊದಲನೇ ಸಾಲು ಮುಗಿದಿರ್ತಿರಲಿಲ್ಲ."

ದೊಡ್ಡಪ್ಪ ಸೆಕೆಂಡಿಗೊಂದು ಚಿಟಿಕೆ ಹೊಡೆದು ಲಯ ಕೊಟ್ಟರು. ಶುರುವಾಯಿತು.

ಅಳತೆಗೋಲು ಒಂದು ತಿಂಗಳು ಕೂತು ಬರೆದಿದ್ದಳು. ಯಾವ ವಾದ್ಯದ ಕೆಳಗಿನ ಸ್ವರ ಎಲ್ಲಿ, ಮೇಲಿನದು ಎಲ್ಲಿ, ಯಾವ ಎರಡು ಸ್ವರ ಹತ್ತಿರ ಬಂದರೆ ಕಿವಿಗೆ ಚುಚ್ಚುತ್ತದೆ ಎಂದೆಲ್ಲ ಲೆಕ್ಕ ಹಾಕಿದ್ದಳು. ಆ ಲೆಕ್ಕ ತಪ್ಪಿರಲಿಲ್ಲ. ಮೊದಲ ಎರಡು ಸಾಲು ಕೇಳಿ ಬೇಕರಿಯವರು ಹುಬ್ಬೇರಿಸಿದರು ಕೂಡ. ಆಮೇಲೆ ದೊಡ್ಡಪ್ಪನ ಕಿವಿ ಕೆಂಪಾಯಿತು. ಹಲ್ಲಿನ ಡಾಕ್ಟರ ಭುಜ ಕಿವಿಯವರೆಗೆ ಏರಿತು. ಮೂರನೇ ಸಾಲಿನ ಮಧ್ಯೆ ಸ್ಯಾಕ್ಸೊಫೋನ್ ಕೀರಲು ದನಿ ತೆಗೆದು ನಿಂತಿತು. ಟ್ರಾಂಬೋನ್ ಹಟ ಹಿಡಿದು ಮುಂದೆ ಹೋಗಿ, ಎಂಟು ಎಣಿಕೆ ಹಿಡಿಯಬೇಕಾದ ಕೊನೆಯ ಸ್ವರವನ್ನು ಅರ್ಧದಲ್ಲೇ ಕೈಬಿಟ್ಟಿತು. ಅಳತೆಗೋಲಿಗೆ ಗಡಿಯಾರ ನೋಡುವ ಉದ್ದೇಶವಿರಲಿಲ್ಲ, ಆದರೆ ಕಣ್ಣು ಅಭ್ಯಾಸ ಬಲದಿಂದ ಅಲ್ಲಿಗೇ ಹೋಗಿತ್ತು. ನಾಲ್ಕು ಸೆಕೆಂಡು.

"ಅಮ್ಮಾ ತಾಯಿ," ಹಲ್ಲಿನ ಡಾಕ್ಟರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. "ದಿನವಿಡೀ ಬಾಯಿ ತೆಗೀರಿ ಅಂತ ಜನರಿಗೆ ಹೇಳೋಳು ನಾನು. ನೀನು ನನ್ನ ಬಾಯಿಗೆ ಬೀಗ ಹಾಕಿ ಕೀಲಿ ಬಿಸಾಕಿದ್ದೀಯ."

ದೊಡ್ಡಪ್ಪ ಕುರ್ಚಿಗೆ ಕುಸಿದು, ಏದುಸಿರು ಇಳಿದ ಮೇಲೆ ಹಾಳೆಯ ಮೇಲೆ ಬೆರಳಿಟ್ಟರು. ನಾಲ್ಕು ನಾಲ್ಕು ಎಣಿಕೆಗೆ ಗೀಟು ಎಳೆದ ಅಂಕಣಗಳಿಗೆ ಆ ಬ್ಯಾಂಡಿನಲ್ಲಿ ಮನೆ ಅನ್ನುತ್ತಿದ್ದರು. "ಇಷ್ಟೊಂದು ಮನೆ ಕಟ್ಟಿಸಿದ್ದೀಯ ಮಗಳೇ, ಒಂದೂ ಖಾಲಿ ಬಿಟ್ಟಿಲ್ಲವಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ದೊಡ್ಡಪ್ಪ ಟ್ರಾಂಬೋನನ್ನು ಇನ್ನೊಂದು ಸಲ ಎತ್ತಿಕೊಳ್ಳದೆ ಒರೆಸಿ ಪೆಟ್ಟಿಗೆಗೆ ಹಾಕಿದ್ದು ಅವಳಿಗೆ ಕಂಡಿತು.

ಮುಂದಿನ ಶನಿವಾರಕ್ಕೆ ಅವಳು ಹೊಸದಾಗಿ ಬರೆದು ತಂದಳು. ಈ ಸಲ ದೊಡ್ಡಪ್ಪನಿಗೆ ಒಂದಿಷ್ಟೂ ಆಯಾಸವಾಗಬಾರದೆಂದು ಇಡೀ ರಾಗವನ್ನು ಸ್ಯಾಕ್ಸೊಫೋನಿಗೆ ಕೊಟ್ಟು, ಟ್ರಾಂಬೋನಿಗೆ ಅಲ್ಲೊಂದು ಇಲ್ಲೊಂದು ಸ್ವರ ಉಳಿಸಿದ್ದಳು. ನುಡಿಸಿದರು. ಯಾರಿಗೂ ಉಸಿರು ಕಟ್ಟಲಿಲ್ಲ. ಬೇಕರಿಯವರ ಹುಬ್ಬೂ ಏರಲಿಲ್ಲ.

"ಚೆನ್ನಾಗಿದೆ," ಅಂದರು ದೊಡ್ಡಪ್ಪ. "ನೆಂಟರ ಮನೆಗೆ ಬಂದ ಹಾಗಿತ್ತು. ಕೂತ್ಕೊಳ್ಳಿ ಅಂದರು, ಕೂತೆ."

ಅಷ್ಟು ಹೇಳಿ ಕೆಳಗಿಳಿದು ಹೋದರು. ದೊಡ್ಡಮ್ಮ ಬೇಸನ್ನು ಚೀಲಕ್ಕೆ ಹಾಕುತ್ತಾ ಮೂಲೆ ತೋರಿಸಿದರು. ಟ್ರಾಂಬೋನಿನ ಪೆಟ್ಟಿಗೆ ಅಲ್ಲೇ ಇತ್ತು.

"ಮರೆತು ಹೋದರಾ?"

"ಮದುವೆ ದಿನ ಚಪ್ಪಲಿ ಮರೆತು ಬಂದಿದ್ದರು, ಅದನ್ನ ಮರೆತಿರಲಿಲ್ಲ," ಅಂದರು ದೊಡ್ಡಮ್ಮ. "ಈಗ ಬಿಟ್ಟೇ ಹೋಗಿದ್ದಾರೆ. ನೀನು ಬರೆದಿದ್ದು ತಪ್ಪಲ್ಲ ಕಣೆ. ಅವರಿಗೆ ಕನಿಕರದ ವಾಸನೆ ಬೇಗ ಹತ್ತುತ್ತೆ, ಅಷ್ಟೇ."

ಆ ವಾರ ಅಳತೆಗೋಲಿಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಎಲ್ಲ ತುಂಬಿದರೆ ಅವರಿಗೆ ಆಗುವುದಿಲ್ಲ, ಎಲ್ಲ ತೆಗೆದರೆ ಅವರು ಬರುವುದಿಲ್ಲ. ಬುಧವಾರ ಪರೀಕ್ಷೆಯ ಕೋಣೆಗೆ ಒಬ್ಬ ವಯಸ್ಸಾದ ಹೆಂಗಸು ಬಂದರು. ಅಳತೆಗೋಲು ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ನಳಿಕೆ ಕೊಟ್ಟು, ದಿನಕ್ಕೆಷ್ಟೋ ಸಲ ಹೇಳುವ ಪಾಠವನ್ನೇ ಒಪ್ಪಿಸಿದಳು. "ಊದಿ, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ, ಇನ್ನೂ..." ತೆರೆಯ ಮೇಲಿನ ಗೆರೆ ಗುಡ್ಡ ಏರುವ ಬದಲು ಹಿತ್ತಲ ದಿಬ್ಬದಷ್ಟಾಗಿ ಮಲಗಿತು. ಮತ್ತೆ ಮಾಡಿಸಿದಳು. ಮತ್ತೆ ದಿಬ್ಬವೇ.

ಆ ಹೆಂಗಸು ನಳಿಕೆ ತೆಗೆದು, ಕ್ಲಿಪ್ಪಿನಿಂದಾಗಿ ಮೂಗು ಕಟ್ಟಿದ ದನಿಯಲ್ಲೇ ಕೇಳಿದರು. "ಊದು ಊದು ಅಂತ ಬೆನ್ನು ಹತ್ತಿದ್ದೀಯಲ್ಲ ತಾಯಿ, ಎಳ್ಕೊಳ್ಳೋಕೆ ಪುರುಸೊತ್ತು ಕೊಟ್ಟೆಯಾ?"

ಕೊಟ್ಟಿರಲಿಲ್ಲ. ಪೂರ್ತಿ ಒಳಗೆಳೆದುಕೊಳ್ಳಲು ಬಿಟ್ಟು ಆಮೇಲೆ ಊದಿಸಬೇಕು ಎಂಬುದು ಆ ಕೆಲಸದ ಮೊದಲ ಪಾಠ. ತಲೆ ಬೇರೆಲ್ಲೋ ಇದ್ದುದರಿಂದ ಹಾರಿಸಿಬಿಟ್ಟಿದ್ದಳು. ಕ್ಷಮೆ ಕೇಳಿದಳು. ಈ ಸಲ ಸುಮ್ಮನೆ ಕಾದಳು. ಎದೆ ಏರಿತು, ಇನ್ನೂ ಏರಿತು, ನಿಂತಿತು. "ಈಗ," ಅಂದಳು. ಗೆರೆ ಚೂಪಾಗಿ ಮೇಲೆದ್ದು, ಉದ್ದಕ್ಕೆ ಇಳಿಜಾರಾಗಿ ಹೋಯಿತು.

"ನೋಡಿದೆಯಾ," ಅಂದರು ಆ ಹೆಂಗಸು.

ಅಳತೆಗೋಲು ಗೆರೆಯನ್ನು ನೋಡುತ್ತಲೇ ನಿಂತಳು. ತಾನು ಬೆರಳಿನಿಂದ ನುಡಿಸುವವಳು. ಬೆರಳಿಗೆ ಉಸಿರು ಬೇಕಿಲ್ಲ. ಹಗಲೆಲ್ಲ ಬೇರೆಯವರ ಉಸಿರು ಅಳೆದು, ಸಂಜೆ ಉಸಿರೇ ಇಲ್ಲದವರಿಗೆ ಬರೆಯುವ ಹಾಗೆ ಬರೆದಿದ್ದಳು. ಆಮೇಲೆ ಗಾಬರಿಯಾಗಿ ದೊಡ್ಡಪ್ಪನ ಕೈಯಿಂದ ಊದುವುದನ್ನೇ ಕಿತ್ತುಕೊಂಡಿದ್ದಳು. ಕೊಡಬೇಕಾಗಿದ್ದದ್ದು ಒಳಗೆಳೆದುಕೊಳ್ಳುವ ಪುರುಸೊತ್ತು, ಅದೂ ಒಬ್ಬರಿಗಲ್ಲ.

ಆ ಸಂಜೆ ಅವಳು ಪಿಯಾನೋ ಮುಟ್ಟಲಿಲ್ಲ. ಊಟದ ಮೇಜಿನ ಮೇಲೆ ಖಾಲಿ ಹಾಳೆ ಹರಡಿಕೊಂಡು, ಎರಡು ಊದುವ ವಾದ್ಯಗಳ ಒಂದೊಂದು ಸಾಲನ್ನೂ ಬಾಯಲ್ಲೇ ಹಾಡಿಕೊಂಡು ಬರೆದಳು. ಎಲ್ಲಿ ತನಗೆ ದಮ್ಮು ಸಾಲದೋ ಅಲ್ಲಿ ಪೆನ್ಸಿಲಿನಿಂದ ಅಲ್ಪವಿರಾಮ ಹಾಕಿದಳು. ಟ್ರಾಂಬೋನ್ ಅರ್ಧ ಸಾಲು ಹೇಳಿ ನಿಂತರೆ ಉಳಿದರ್ಧಕ್ಕೆ ಸ್ಯಾಕ್ಸೊಫೋನ್ ಉತ್ತರ ಕೊಡುತ್ತಿತ್ತು. ಸ್ಯಾಕ್ಸೊಫೋನ್ ನಿಂತಲ್ಲಿ ಟ್ರಾಂಬೋನ್ ಮಾತು ಎತ್ತಿಕೊಳ್ಳುತ್ತಿತ್ತು. ಮುಂಚೆ ಭಾಷಣದಂತಿದ್ದ 'ಆಮೆ' ಗೇಟಿನ ಈಚೆ ಆಚೆ ನಿಂತ ಇಬ್ಬರ ಮಾತುಕತೆಯಾಯಿತು. ದೊಡ್ಡಮ್ಮ ಟೀ ಲೋಟ ಹಿಡಿದು ಬಂದವರು ಅಲ್ಲೇ ನಿಂತು ಬೇಸಿನ ಸಾಲು ಗುನುಗಿದರು.

"ಇಲ್ಲಿ ನಮ್ಮಪ್ಪ ಹೊರಗೆ ಬರ್ತಾರೆ," ಅಂದರು ಒಂದು ಕಡೆ ಬೆರಳಿಟ್ಟು.

"ಬರಲಿ," ಅಂದಳು ಅಳತೆಗೋಲು. "ಅಲ್ಲಿ ಎಲ್ಲರೂ ಸುಮ್ಮನಾಗೋಣ."

ಹಾಗೆ ಹುಟ್ಟಿದ್ದು ಕೊನೆಯ ಸ್ವರಕ್ಕೆ ಮುಂಚಿನ ಖಾಲಿ ಮನೆ. ನಾಲ್ಕು ಎಣಿಕೆ ಯಾರೂ ನುಡಿಸುವ ಹಾಗಿಲ್ಲ.

ಶನಿವಾರ ದೊಡ್ಡಪ್ಪ ಬರುತ್ತಾರೋ ಇಲ್ಲವೋ ಎಂದು ಎಲ್ಲರೂ ಮೆಟ್ಟಿಲ ಕಡೆ ನೋಡುತ್ತಿದ್ದರು. ಬಂದರು. ಬ್ರೆಡ್ಡು ತರೋಕೆ ಬಂದೆ ಅಂದರು. ಮೇಲಿನ ಮಹಡಿಯಲ್ಲಿ ಬ್ರೆಡ್ಡು ಮಾರಲ್ಲ ಎಂದು ಬೇಕರಿಯವರು ಮುಖ ಗಂಭೀರ ಮಾಡಿಕೊಂಡು ಹೇಳಿದರು. ದೊಡ್ಡಪ್ಪ ತಮ್ಮ ಹಾಳೆ ನೋಡಿದರು. ಆಮೇಲೆ ಎದ್ದು ಹೋಗಿ ಹಲ್ಲಿನ ಡಾಕ್ಟರ ಹಾಳೆ ನೋಡಿದರು, ಡ್ರಮ್ಸಿನ ಹಾಳೆ ನೋಡಿದರು. ತನಗೊಬ್ಬನಿಗೇ ರಿಯಾಯಿತಿ ಕೊಟ್ಟಿದ್ದಾಳೋ ಎಂದು ಪರೀಕ್ಷೆ ಮಾಡುತ್ತಿದ್ದಾರೆಂದು ಅಳತೆಗೋಲಿಗೆ ತಿಳಿಯಿತು.

"ಈ ಖಾಲಿ ಮನೆ ಯಾರಿಗೆ?"

"ಎಲ್ಲರಿಗೂ, ದೊಡ್ಡಪ್ಪ."

"ನನಗೂನಾ?" ಬೇಕರಿಯವರು ಕಡ್ಡಿ ಎತ್ತಿ ಕೇಳಿದರು. "ನನಗೇನಮ್ಮ ಉಸಿರಿನ ಕಷ್ಟ? ಕೂತು ಬಡಿಯೋನು."

"ನೀವು ಬಡೀತಾ ಇದ್ದರೆ ಉಳಿದವರು ಅವಸರಕ್ಕೆ ಬೀಳ್ತಾರೆ."

"ಅದು ನಿಜ," ದೊಡ್ಡಮ್ಮ ಅಂದರು. "ನಲವತ್ತು ವರ್ಷದಿಂದ ನಿಮ್ಮ ಹಿಂದೆ ಓಡಿ ಓಡಿ ನನ್ನ ಮಂಡಿ ಸವೆದಿದೆ."

ದೊಡ್ಡಪ್ಪ ಪೆಟ್ಟಿಗೆಯ ಕೊಂಡಿ ಬಿಚ್ಚಿದರು. ಕೊಂಡಿಯ ಆ ಟಕ್ ಸದ್ದೇ ಅಳತೆಗೋಲಿಗೆ ಸಾಕಾಯಿತು. ಮೊದಲ ಎರಡು ಸಲ ಬೇಕರಿಯವರು ಖಾಲಿ ಮನೆಗೆ ನುಗ್ಗಿದರು. ಮೂರನೇ ಸಲ ಕಡ್ಡಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು.

ಏಪ್ರಿಲ್ ಆರರಂದು ಗ್ರಂಥಾಲಯದ ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆ ಇತ್ತು. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಯಾರಾದರೂ ಮಿಸುಕಿದರೆ ಚರಚರ ಅನ್ನುತ್ತಿತ್ತು. 'ಆಮೆ' ಕಡೆಯ ಸರದಿ. ದೊಡ್ಡಪ್ಪ ಎದ್ದು ನಿಂತರು. ಟ್ರಾಂಬೋನ್ ಕೇಳಿತು, ಸ್ಯಾಕ್ಸೊಫೋನ್ ಹೇಳಿತು. ಅಳತೆಗೋಲು ನುಡಿಸುತ್ತಲೇ ದೊಡ್ಡಪ್ಪನ ಬೆನ್ನು ನೋಡುತ್ತಿದ್ದಳು: ಕೋಟಿನ ಹೊಲಿಗೆ ಅಗಲವಾಗುವುದು, ಸಡಿಲವಾಗುವುದು, ಮತ್ತೆ ಅಗಲವಾಗುವುದು. ಮೂರನೇ ಸಾಲು ದಾಟಿತು. ದೊಡ್ಡಪ್ಪನ ಕಿವಿ ಕೆಂಪಾಗಿರಲಿಲ್ಲ.

ಖಾಲಿ ಮನೆ ಬಂತು.

ಐದೂ ಜನ ಸುಮ್ಮನಾದರು. ಮುಗಿಯಿತೆಂದುಕೊಂಡು ಮುಂದಿನ ಸಾಲಿನವರೊಬ್ಬರು ಚಪ್ಪಾಳೆಗೆ ಕೈ ಎತ್ತಿದರು. ಬೇಕರಿಯವರು ಕಂಕುಳಲ್ಲಿ ಕಡ್ಡಿ ಹಿಡಿದೇ ಕಣ್ಣು ಬಿಟ್ಟದ್ದಕ್ಕೆ ಆ ಕೈ ಗಾಳಿಯಲ್ಲೇ ನಿಂತಿತು. ಕುರ್ಚಿಗಳ ಚರಚರವೂ ನಿಂತಿತು. ಆ ಮೌನದಲ್ಲಿ ಇಬ್ಬರು ಒಳಗೆ ಉಸಿರೆಳೆದುಕೊಂಡದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಅದೂ ರಾಗದೊಳಗಿನದೇ ಅನ್ನಿಸಿತು. ಕೋಟಿನ ಹೊಲಿಗೆ ಬಿರಿಯುವಷ್ಟು ಅಗಲವಾಯಿತು. ಆಮೇಲೆ ಕೊನೆಯ ಸ್ವರ ಬಂತು. ಹಿತ್ತಾಳೆಯ ದಪ್ಪ ದನಿ, ಎಲ್ಲೂ ಅಲುಗದೆ ಹೋಗಿ, ತಾನಾಗಿಯೇ ತೆಳ್ಳಗಾಗಿ ನಿಂತಿತು.

ಚಪ್ಪಾಳೆ ಮುಗಿದ ಮೇಲೆ ದೊಡ್ಡಪ್ಪ ಉಸಿರಿನಿಂದ ಟ್ರಾಂಬೋನಿನೊಳಗೆ ಕೂಡಿದ್ದ ನೀರನ್ನು ಹೊರಗೆ ತೆಗೆಯುತ್ತಾ ಪಿಯಾನೋ ಹತ್ತಿರ ಬಂದರು. "ಮುಂದಿನ ಶನಿವಾರ ಬೇರೆ ಏನಾದರೂ ಬರ್ಕೊಂಡು ಬಾ," ಅಂದರು. "ಸ್ವಲ್ಪ ಜೋರಾಗಿ ಓಡೋದು."

"ಶಾಲೆಯವರಿಗೆ ಏನು ಹೇಳಲಿ?" ಬೇಸಿನ ಹಿಂದಿನಿಂದ ದೊಡ್ಡಮ್ಮ ಕೇಳಿದರು.

"ಅವರಿಗೆ ಪಿಯಾನೋ ಕೊಡೋಣ ಅನ್ನು. ಇವಳಿಗೆ ಇನ್ನು ಬರೆಯೋದೇ ಕೆಲಸ."

ಮರುದಿನ ಬೆಳಿಗ್ಗೆ ಅಳತೆಗೋಲು ಕಾರ್ಯಕ್ರಮದ ಧ್ವನಿಮುದ್ರಣವನ್ನು ಕಂಪ್ಯೂಟರಿಗೆ ಹಾಕಿ, ಕೊನೆಯ ಸ್ವರದ ಶುರುವಿಗೊಂದು, ಕೊನೆಗೊಂದು ಗೀಟು ಎಳೆದಳು. ಅವಳು ಬರೆದದ್ದು ಎರಡು ಮನೆ, ಎಂಟು ಸೆಕೆಂಡು. ದೊಡ್ಡಪ್ಪ ಊದಿದ್ದು ೮.೬ ಸೆಕೆಂಡು.